ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ಮೆಕ್ಯಾನಿಕ್ ನೋಡಿ



ಮೇ ತಿಂಗಳು ಅಂದುಕೊಳ್ಳಿ. ಮೊದಲ ಮಳೆ ಬಿದ್ದಿದೆ. ಕೊರವಂಗಲದ ಹೊಲಗಳಲ್ಲಿ ಮಣ್ಣು ಹದಕ್ಕೆ ಬಂದಿದೆ. ಹಾಸನದ ಎ.ಪಿ.ಎಂ.ಸಿ.ಯಿಂದ ಜಲಂಧರ್ ಬಿತ್ತನೆ ಆಲೂಗಡ್ಡೆ ತಂದಾಗಿದೆ. ಹೆಂಗಸರು ಜಗಲಿ ಮೇಲೆ ಕೂತು ಗಡ್ಡೆ ಕೊಯ್ದಿದ್ದಾರೆ. ಒಂದೊಂದು ಹೋಳಿಗೂ ಕಣ್ಣು ಇರೋ ಹಾಗೆ ನೋಡಿ ಕೊಯ್ದಿದ್ದಾರೆ. ಬೆಳಗಾದರೆ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಬೇಕು.

ಸಂಜೆ ಹೊತ್ತಿಗೆ ಟ್ರ್ಯಾಕ್ಟರ್ ನಿಂತು ಹೋಯಿತು. ಹಿಂದಿನ ಕಲ್ಟಿವೇಟರ್ ಮೇಲೆ ಏಳುತ್ತಿಲ್ಲ. ಹೈಡ್ರಾಲಿಕ್ ಕೆಟ್ಟಿದೆ. ಕೊಂಡ ಅಂಗಡಿಗೆ ಫೋನ್ ಮಾಡಿದರೆ ಏನು ಉತ್ತರ ಬರುತ್ತದೆ?

"ಹಳೇ ಮೆಕ್ಯಾನಿಕ್ ಬಿಟ್ಟು ಹೋದ ಕಣಣ್ಣ. ಹೊಸಬ ಬಂದವನೆ, ಅವನಿಗೆ ಇನ್ನೂ ಕೈ ಕೂತಿಲ್ಲ. ಒಂದು ನಾಲ್ಕು ದಿನ ತಡ್ಕಳಿ."

ಕೊಯ್ದ ಗಡ್ಡೆ ನಾಲ್ಕು ದಿನ ತಡೆಯುತ್ತದೆಯೇ? ಬಿಸಿಲಿಗೆ ಒಣಗುತ್ತದೆ, ಮೋಡ ಕವಿದರೆ ಕೊಳೆಯುತ್ತದೆ. ಮಣ್ಣಿನ ಹದ ತಡೆಯುತ್ತದೆಯೇ? ಬ್ಯಾಂಕಿನ ಕಂತು ತಡೆಯುತ್ತದೆಯೇ? ಯಾವುದೂ ತಡೆಯುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿ, ಒಬ್ಬ ಕೆಲಸಗಾರ ಇಲ್ಲದ್ದಕ್ಕೆ ಮರದ ಕೆಳಗೆ ಸುಮ್ಮನೆ ನಿಂತಿದೆ.

ಈ ಪಾಠ ಆ ಕೆಲಸಗಾರನ ಬಗ್ಗೆ. ಅವನು ಯಾರ ಮನೆಯ ಮಗ, ಹೇಗೆ ಕಲಿಯುತ್ತಾನೆ, ಅಂಗಡಿಯವರಿಗೆ ಯಾಕೆ ಸಿಗುವುದಿಲ್ಲ, ಸಿಕ್ಕವನು ಯಾಕೆ ಬಿಟ್ಟು ಹೋಗುತ್ತಾನೆ ಎಂದು ನೋಡೋಣ.

ಮುಂದೆ ಶೋರೂಮ್, ಹಿಂದೆ ಶೆಡ್ಡು

ಟ್ರ್ಯಾಕ್ಟರ್ ಅಂಗಡಿಗೆ ಎರಡು ಭಾಗ ಇರುತ್ತದೆ. ಮುಂದೆ ಗಾಜಿನ ಶೋರೂಮ್. ಅಲ್ಲಿ ಹೊಸ ಗಾಡಿ ಹೊಳೆಯುತ್ತಾ ನಿಂತಿರುತ್ತದೆ. ಇಸ್ತ್ರಿ ಅಂಗಿ ಹಾಕಿದ ಹುಡುಗರು "ಬನ್ನಿ ಅಣ್ಣ, ಕೂತ್ಕಳಿ, ಕಾಫಿ ಕುಡೀರಿ" ಅನ್ನುತ್ತಾರೆ. ಗಾಡಿ ಮಾರಿದರೆ ಅವರಿಗೆ ಕಮಿಷನ್ ಉಂಟು.

ಹಿಂದೆ ತಗಡಿನ ಶೆಡ್ಡು. ಅದೇ ವರ್ಕ್‌ಶಾಪ್. ನೆಲದ ಮೇಲೆ ಆಯಿಲ್, ಮೂಲೆಯಲ್ಲಿ ಬಿಚ್ಚಿಟ್ಟ ಗೇರ್ ಬಾಕ್ಸು. ಬೇಸಿಗೆಯಲ್ಲಿ ತಗಡು ಕಾದು ಒಲೆ ಆಗಿರುತ್ತದೆ. ಮೆಕ್ಯಾನಿಕ್ ಇರುವುದು ಅಲ್ಲಿ.

ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮುಂದಿನ ಭಾಗ ನೋಡಿ ಬರುತ್ತಾರೆ. ಬಣ್ಣ ಕೇಳುತ್ತಾರೆ, ಕಂತು ಕೇಳುತ್ತಾರೆ, ಉಚಿತವಾಗಿ ಏನು ಕೊಡ್ತೀರಿ ಅಂತ ಕೇಳುತ್ತಾರೆ. ಇನ್ನು ಮೇಲೆ ಮನೆಯವರ ಜೊತೆ ನೀವೂ ಹೋಗಿ. ಹಿಂದಿನ ಶೆಡ್ಡಿಗೂ ಒಂದು ಸುತ್ತು ಹಾಕಿ. ಅಲ್ಲಿ ಎರಡು ಮಾತು ಕೇಳಿ: "ಇಲ್ಲಿ ಎಷ್ಟು ಜನ ಮೆಕ್ಯಾನಿಕ್ ಇದ್ದೀರಪ್ಪ? ಎಲ್ಲರಿಗಿಂತ ಹಳಬರು ಯಾರು, ಎಷ್ಟು ವರ್ಷ ಆಯ್ತು?"

"ಎಂಟು ವರ್ಷ ಆಯ್ತಕ್ಕ" ಎಂಬ ಉತ್ತರ ಬಂದರೆ ಆ ಅಂಗಡಿಯನ್ನು ನಂಬಬಹುದು. ಎಲ್ಲರೂ ಹೋದ ಯುಗಾದಿಯ ಮೇಲೆ ಬಂದವರೇ ಆದರೆ, ಹಳಬರು ಯಾಕೆ ಹೋದರು ಎಂದು ಯೋಚನೆ ಮಾಡಬೇಕು. ಒಂದು ಅಂಗಡಿಯ ಗುಣ ಹೇಳಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಕಂಡಿಲ್ಲ.

ಕೈಕೆಲಸದವರ ಹುಡುಕಾಟ ಹೊಸದಲ್ಲ

ಕೊರವಂಗಲದ ಬೂಚೇಶ್ವರ ದೇವಸ್ಥಾನ ನಿಮಗೆಲ್ಲ ಗೊತ್ತು. ಅದನ್ನು ಕಟ್ಟಿಸಿದ್ದು 1173ರಲ್ಲಿ. ಹೊಯ್ಸಳರ ವೀರಬಲ್ಲಾಳ ಪಟ್ಟಕ್ಕೆ ಬಂದ ಕಾಲ. ಬೂಚಿರಾಜ ಎಂಬ ಅಧಿಕಾರಿ ಹಣ ಹಾಕಿದ. ಹಣ ಇದ್ದರೆ ಮಾತ್ರ ಆ ಕಂಬ, ಆ ಗೋಡೆಯ ಕೆತ್ತನೆ ಆಗುತ್ತಿತ್ತೇ? ಉಳಿ ಹಿಡಿಯುವ ಕೈ ಬೇಕಿತ್ತು.

ಬೇಲೂರಿನ ದೇವಸ್ಥಾನಕ್ಕೆ ದಾಸೋಜ ಎಂಬ ಶಿಲ್ಪಿ ಬಂದಿದ್ದು ದೂರದ ಬಳ್ಳಿಗಾವೆಯಿಂದ. ಇಂದಿನ ಶಿವಮೊಗ್ಗ ಜಿಲ್ಲೆಯ ಊರು ಅದು. ಅವನ ಮಗ ಚಾವಣನೂ ಅಲ್ಲೇ ಕೆಲಸ ಮಾಡಿದ. ಅಪ್ಪ ಮಗ ಇಬ್ಬರ ಹೆಸರೂ ಅವರು ಕೆತ್ತಿದ ಬೊಂಬೆಗಳ ಕೆಳಗೆ ಇವೆ. ಒಂಬೈನೂರು ವರ್ಷ ಆದರೂ ಕೆಲಸ ಮಾಡಿದವನ ಹೆಸರು ಕಲ್ಲಿನಲ್ಲಿ ಉಳಿದಿದೆ. ನಮ್ಮ ಊರಿನ ಟ್ರ್ಯಾಕ್ಟರ್ ರಿಪೇರಿ ಮಾಡಿದವನ ಹೆಸರು ಬಿಲ್ಲಿನಲ್ಲೂ ಇರುವುದಿಲ್ಲ.

ಕಿವಿಯಲ್ಲಿ ಇರುವ ವಿದ್ಯೆ

ಮೆಕ್ಯಾನಿಕ್ ಕೆಲಸ ಎಂದರೆ ನಟ್ಟು ಬಿಚ್ಚೋದು, ನಟ್ಟು ಹಾಕೋದು ಎಂದು ತುಂಬ ಜನ ತಿಳಿದಿದ್ದಾರೆ. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಯಾವುದನ್ನು ಬಿಚ್ಚಬೇಕು ಎಂದು ಗೊತ್ತಿರುವುದೇ ವಿದ್ಯೆ.

ನೀವು ಒಗ್ಗರಣೆ ಸದ್ದಿನಲ್ಲೇ ಎಣ್ಣೆ ಕಾದಿದೆ ಎಂದು ಹೇಳುತ್ತೀರಲ್ಲ, ಹಾಗೆ. ಒಳ್ಳೆಯ ಮೆಕ್ಯಾನಿಕ್ ಇಂಜಿನ್ ಸದ್ದು ಕೇಳಿಯೇ ಅರ್ಧ ರೋಗ ಹೇಳುತ್ತಾನೆ. ಹೊಗೆಯ ಬಣ್ಣ ನೋಡುತ್ತಾನೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಡೀಸೆಲ್ ಹೆಚ್ಚು ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿರಬಹುದು, ನಾಝಲ್ ಕೆಟ್ಟಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ, ನೀರು ಒಳಗೆ ಸೇರಿರಬಹುದು, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಕಲಿಯದವನು ಇದು ಯಾವುದನ್ನೂ ನೋಡದೆ ಇಡೀ ಇಂಜಿನ್ ಬಿಚ್ಚಿ ಹಾಕುತ್ತಾನೆ. ಆ ಖರ್ಚು ನಮ್ಮ ತಲೆಯ ಮೇಲೆ.

ಈ ಕಿವಿ, ಈ ಕಣ್ಣು ಒಂದು ವರ್ಷದಲ್ಲಿ ಬರುವುದಿಲ್ಲ. ಮೊದಲು ಹೆಲ್ಪರ್. ಸ್ಪ್ಯಾನರ್ ತಂದುಕೊಡುವುದು, ಬಿಡಿಭಾಗ ಡೀಸೆಲ್ಲಿನಲ್ಲಿ ತೊಳೆಯುವುದು, ಗ್ರೀಸ್ ಹೊಡೆಯುವುದು. ಆಮೇಲೆ ಆಯಿಲ್ ಬದಲಾಯಿಸುವುದು, ಕ್ಲಚ್ ಹೊಂದಿಸುವುದು. ಗೇರ್ ಬಾಕ್ಸು, ಹೈಡ್ರಾಲಿಕ್ಕು ಕೈಗೆ ಬರುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿರುತ್ತದೆ. ಅಂಥವನು ಬಿಟ್ಟು ಹೋದರೆ ಅಂಗಡಿಯವರಿಗೆ ಅಷ್ಟು ವರ್ಷ ನಷ್ಟ. ಹೊಸ ಹುಡುಗನನ್ನು ನಾಳೆಯೇ ತರಬಹುದು. ಐದು ವರ್ಷವನ್ನು ಎಲ್ಲಿಂದ ತರುವುದು?

ಹಳ್ಳಿಗಳಲ್ಲಿ ಹಳೆಯ ಎಚ್.ಎಂ.ಟಿ. ಟ್ರ್ಯಾಕ್ಟರ್ ನೋಡಿರುತ್ತೀರಿ. ಎಚ್.ಎಂ.ಟಿ.ಯವರು 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡಲು ಶುರು ಮಾಡಿದರು. ಜೆಕೊಸ್ಲೊವಾಕಿಯ ಎಂಬ ದೇಶದವರು ಆ ವಿದ್ಯೆ ಕೊಟ್ಟಿದ್ದರು. ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಗಾಡಿ ಮಾಡಿದ ಕಾರ್ಖಾನೆ ಇಲ್ಲ, ಗಾಡಿ ಮಾತ್ರ ಇನ್ನೂ ಉಳುತ್ತಿದೆ. ಅದನ್ನು ಬದುಕಿಸಿರುವವರು ಹಳೆಯ ಮೆಕ್ಯಾನಿಕ್‌ಗಳು. ಗದ್ದೆ ಉಳುವ ಟಿಲ್ಲರ್ ಕಥೆಯೂ ಹೀಗೇ. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯವರ ಜೊತೆ ಸೇರಿ ಟಿಲ್ಲರ್ ಮಾಡಿತು. ಜಪಾನಿನ ಯಂತ್ರವನ್ನು ನಮ್ಮ ಕೆಸರಿನಲ್ಲಿ ಓಡಿಸಿಕೊಂಡು ಬಂದಿದ್ದು ನಮ್ಮ ಹುಡುಗರ ಕೈ.

ಈಗ ಇನ್ನೊಂದು ಬದಲಾವಣೆ ಬಂದಿದೆ. 2023ರ ಜನವರಿಯಿಂದ 50 ಅಶ್ವಶಕ್ತಿಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ ಹೊಗೆಯ ಹೊಸ ನಿಯಮ ಇದೆ. ಹೊಗೆ ಕಡಿಮೆ ಮಾಡಲು ಅವುಗಳ ಇಂಜಿನ್ನಿಗೆ ಕಂಪ್ಯೂಟರ್ ಸೇರಿಸಿದ್ದಾರೆ. ರೋಗ ಕಂಡುಹಿಡಿಯಲು ಕಿವಿಯ ಜೊತೆಗೆ ಒಂದು ಯಂತ್ರವೂ ಬೇಕು, ಅದರಲ್ಲಿ ಬರುವ ಅಕ್ಷರ, ಅಂಕಿ ಓದಬೇಕು. ಕಂಪನಿಯವರು ಕರೆದು ತರಬೇತಿ ಕೊಡುತ್ತಾರೆ. ಅಂಗಡಿ ಮಾಲೀಕ ಕಳಿಸಿಕೊಡಬೇಕು ಅಷ್ಟೆ. ಕೆಲವರು ಕಳಿಸುವುದಿಲ್ಲ. "ಕಲಿತರೆ ಬಿಟ್ಟು ಹೋಗ್ತಾನೆ" ಎಂಬ ಹೆದರಿಕೆ. ಕಲಿಯದೆ ಉಳಿದವನನ್ನು ಇಟ್ಟುಕೊಂಡು ಏನು ಮಾಡುತ್ತಾರೋ ಕಾಣೆ.

ಯಾಕೆ ಸಿಗುವುದಿಲ್ಲ?

ಈ ಮಾತು ಸ್ವಲ್ಪ ನಮ್ಮ ಮನೆಯೊಳಗಿನದು. ಬೇಸರ ಮಾಡಿಕೊಳ್ಳಬೇಡಿ.

ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿದ. "ಟ್ರ್ಯಾಕ್ಟರ್ ಕೆಲಸ ಕಲೀತೀನಿ ಕಣವ್ವ" ಎನ್ನುತ್ತಾನೆ. ತಾಯಿ ಏನು ಹೇಳುತ್ತಾಳೆ? "ಗ್ರೀಸ್ ಕೈಯೋನಿಗೆ ಯಾರ್ಲಾ ಹೆಣ್ಣು ಕೊಡ್ತಾರೆ? ಬೆಂಗಳೂರಿಗೆ ಹೋಗಿ ಯಾವುದಾದ್ರೂ ಕಂಪನಿ ಸೇರ್ಕೊ." ಹೆಣ್ಣು ಕೊಡುವ ಮನೆಯಲ್ಲೂ ಇದೇ ಮಾತು. ಬೆಂಗಳೂರಿನಲ್ಲಿ ಗೇಟ್ ಕಾಯುವವನೂ "ಕಂಪನಿ ಕೆಲಸದಲ್ಲಿ ಅವ್ನೆ". ಹಾಸನದಲ್ಲಿ ಇಂಜಿನ್ ಬಿಚ್ಚಿ ಕಟ್ಟುವವನು "ಗ್ಯಾರೇಜಿನೋನು".

ಲೆಕ್ಕ ಹಾಕಿ ನೋಡೋಣ. ಇದು ಲೆಕ್ಕ ಕಲಿಯಲು ಹೇಳುವ ಅಂಕಿ. ನಿಮ್ಮ ಮನೆಯ ಅಂಕಿ ಬೇರೆ ಇರಬಹುದು.

ಬೆಂಗಳೂರಿನಲ್ಲಿ ಸಂಬಳ 22,000 ರೂಪಾಯಿ. ರೂಮ್ ಬಾಡಿಗೆಯ ಪಾಲು 5,000. ಊಟಕ್ಕೆ 5,000. ಬಸ್ಸು, ಫೋನಿಗೆ 1,500. ಊರಿಗೆ ಬಂದು ಹೋಗಲು 1,000. ಒಟ್ಟು ಖರ್ಚು 12,500. ಉಳಿಯುವುದು 9,500.

ಹಾಸನದಲ್ಲಿ ಸಂಬಳ 16,000. ಮನೆಯಿಂದ ಬಸ್ಸಿಗೆ 1,500. ಟೀ, ತಿಂಡಿಗೆ 1,000. ಮಧ್ಯಾಹ್ನಕ್ಕೆ ನೀವು ಕಟ್ಟಿದ ಬುತ್ತಿ. ಖರ್ಚು 2,500. ಉಳಿಯುವುದು 13,500.

ಹಾಗಾದರೆ ಹುಡುಗರು ದಡ್ಡರೇ? ಅಲ್ಲ. ಬೆಂಗಳೂರಿನಲ್ಲಿ ವರ್ಷ ವರ್ಷ ಸ್ವಲ್ಪ ಏರುತ್ತದೆ. ಇಲ್ಲಿ ಅದೇ 16,000 ಮೂರು ವರ್ಷವಾದರೂ ಅಲ್ಲೇ ನಿಂತಿದ್ದರೆ, ಹುಡುಗ ಹೋಗದೆ ಏನು ಮಾಡುತ್ತಾನೆ?

ಯಾಕೆ ಬಿಟ್ಟು ಹೋಗುತ್ತಾರೆ?

ಸಂಬಳ ಒಂದು ಕಾರಣ. ಅದೊಂದೇ ಅಲ್ಲ. ವರ್ಕ್‌ಶಾಪಿನ ಹುಡುಗರು ಮಾಲೀಕರ ಮುಂದೆ ಆಡದ ಮಾತು ಬಸ್ಸಿನಲ್ಲಿ ಆಡುತ್ತಾರೆ. ಕಿವಿ ಕೊಟ್ಟರೆ ಇಂಥವು ಕೇಳುತ್ತವೆ:

"ಐದನೇ ತಾರೀಕು ಅಂತಾರೆ, ಇಪ್ಪತ್ತಾದ್ರೂ ಸಂಬಳ ಇಲ್ಲ."

"ಬಿತ್ತನೆ ಟೈಮಲ್ಲಿ ರಾತ್ರಿ ಹತ್ತು ಗಂಟೆಗೂ ಹೊಲಕ್ಕೆ ಕಳಿಸ್ತಾರೆ. ಪೆಟ್ರೋಲ್ ನನ್ನದು, ಊಟ ನನ್ನದು."

"ಹಳೇ ಬೋಲ್ಟು ಮುರೀತು. ತುಕ್ಕು ಹಿಡಿದಿತ್ತು. ದುಡ್ಡು ನನ್ನ ಸಂಬಳದಲ್ಲಿ ಹಿಡಿದರು."

"ಗಿರಾಕಿ ಮುಂದೆ 'ಏಯ್' ಅಂತ ಕರೀತಾರೆ."

ಈ ಕೊನೆಯದು ಸಣ್ಣದು ಅನ್ನಿಸಬಹುದು. ಕೆಲಸ ಬಿಟ್ಟವರು ಮೊದಲು ಹೇಳುವುದು ಅದನ್ನೇ.

ಇನ್ನೊಂದು ಕಾರಣ ಹಂಗಾಮು. ನಮ್ಮ ಕಡೆ ಟ್ರ್ಯಾಕ್ಟರ್‌ಗೆ ಕೆಲಸ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಆಲೂಗಡ್ಡೆ, ಮುಸುಕಿನ ಜೋಳದ ಬಿತ್ತನೆ ಬಂದಾಗ ಮೆಕ್ಯಾನಿಕ್‌ಗೆ ಉಸಿರಾಡಲು ಹೊತ್ತಿಲ್ಲ. ಬಿತ್ತನೆ ಮುಗಿದು ಮಳೆ ಹಿಡಿದರೆ ಶೆಡ್ಡು ಖಾಲಿ. ಆಗ ಮಾಲೀಕ "ಎರಡು ತಿಂಗಳು ಮನೇಲಿರು, ಕರೀತೀನಿ" ಎನ್ನುತ್ತಾನೆ. ಮನೆಗೆ ಹೋದವನು ಎರಡು ತಿಂಗಳು ಉಪವಾಸ ಇರುತ್ತಾನೆಯೇ? ಬೇರೆ ಕೆಲಸ ಹಿಡಿಯುತ್ತಾನೆ. ಮತ್ತೆ ಕರೆದಾಗ ಅವನು ಇರುವುದಿಲ್ಲ. ಬಿತ್ತನೆ ಬರುತ್ತದೆ, ನಮ್ಮ ಟ್ರ್ಯಾಕ್ಟರ್ ಮರದ ಕೆಳಗೆ ನಿಲ್ಲುತ್ತದೆ.

ಬುದ್ಧಿವಂತ ಮಾಲೀಕರು ಕೆಲಸ ಇಲ್ಲದ ತಿಂಗಳಲ್ಲೂ ಸಂಬಳ ಕೊಟ್ಟು ಉಳಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ತರಬೇತಿಗೆ ಕಳಿಸುತ್ತಾರೆ. ಇಲ್ಲವೇ ಹಳ್ಳಿ ಹಳ್ಳಿಗೆ ಕಳಿಸಿ ಸರ್ವಿಸ್ ಮಾಡಿಸುತ್ತಾರೆ. ಒಳ್ಳೆಯ ಸ್ಪ್ಯಾನರ್ ಸೆಟ್ ಕೊಡಿಸುತ್ತಾರೆ. ಹೆಲ್ಪರ್ ಆಗಿ ಸೇರಿದವನು ಎಷ್ಟು ವರ್ಷಕ್ಕೆ ಮೆಕ್ಯಾನಿಕ್, ಎಷ್ಟು ವರ್ಷಕ್ಕೆ ಹೆಡ್ ಮೆಕ್ಯಾನಿಕ್ ಎಂದು ಮೊದಲೇ ಹೇಳುತ್ತಾರೆ. ಹುಡುಗನಿಗೆ ಮುಂದೆ ಏನೋ ಇದೆ ಎಂದು ಕಾಣಬೇಕು.

ಕೆಲವರು ಎಂಟು ಹತ್ತು ವರ್ಷ ದುಡಿದು, ಆಮೇಲೆ ರಸ್ತೆ ಪಕ್ಕದಲ್ಲಿ ಸ್ವಂತ ಶೆಡ್ಡು ಹಾಕುತ್ತಾರೆ. ಮಾಲೀಕರಿಗೆ ಕೋಪ ಬರುತ್ತದೆ. "ಕಲಿಸಿದ್ದು ನಾನು, ಗಿರಾಕಿ ಅವನಿಗೆ" ಎನ್ನುತ್ತಾರೆ. ಮಾಲೀಕರಿಗೆ ನಷ್ಟವೇ, ನಿಜ. ನಮಗೆ ನಷ್ಟವಲ್ಲ. ಹಾಸನಕ್ಕೆ ಹೋಗುವ ಬದಲು ದುದ್ದದ ಹತ್ತಿರವೇ ರಿಪೇರಿ ಆಗುತ್ತದೆ. ಜಗಳ ಆಡುವ ಬದಲು ಅವನಿಗೇ ಬಿಡಿಭಾಗ ಕೊಟ್ಟು, ಆ ಕಡೆಯ ರಿಪೇರಿ ಒಪ್ಪಿಸಿದರೆ ಇಬ್ಬರಿಗೂ ಅನ್ನ.

ಮಗನನ್ನು ಕಳಿಸುವ ತಾಯಿ ಕೇಳಬೇಕಾದ್ದು

ಕೆಲಸ ಕಲಿಯಲು ಎರಡು ದಾರಿ. ಒಂದು, ನೇರ ಶೆಡ್ಡಿಗೆ ಸೇರುವುದು. ಇನ್ನೊಂದು, ಐ.ಟಿ.ಐ. ಅಲ್ಲಿ ಟ್ರ್ಯಾಕ್ಟರ್ ಮೆಕ್ಯಾನಿಕ್, ಡೀಸೆಲ್ ಮೆಕ್ಯಾನಿಕ್ ಎಂಬ ಒಂದೊಂದು ವರ್ಷದ ತರಬೇತಿ ಉಂಟು. ಹತ್ತನೇ ತರಗತಿ ಪಾಸಾಗಿರಬೇಕು. ಎಲ್ಲ ಐ.ಟಿ.ಐ.ಯಲ್ಲೂ ಎಲ್ಲ ತರಬೇತಿ ಇರುವುದಿಲ್ಲ, ಹೋಗಿ ಕೇಳಿ. ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆ ಇದೆ. 1983ರಲ್ಲಿ ಶುರುವಾದದ್ದು.

ಐ.ಟಿ.ಐ. ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸೇರಬಹುದು. ಇದಕ್ಕೆ 1961ರ ಕಾನೂನು ಇದೆ. ಅಪ್ರೆಂಟಿಸ್‌ಗೆ ತಿಂಗಳ ಸ್ಟೈಪೆಂಡ್ ಕೊಡಲೇಬೇಕು. "ಕೆಲಸ ಕಲಿಸ್ತೀನಿ, ದುಡ್ಡು ಕೇಳಬೇಡ" ಎಂದು ವರ್ಷಗಟ್ಟಲೆ ದುಡಿಸಿಕೊಳ್ಳುವ ಕಾಲ ಹೋಗಬೇಕು. ಹದಿನಾಲ್ಕು ವರ್ಷ ತುಂಬದ ಮಗುವನ್ನಂತೂ ಯಾವ ಶೆಡ್ಡಿಗೂ ಕಳಿಸಕೂಡದು. ಅದು ಅಪರಾಧ.

ಕೆಲಸಕ್ಕೆ ಸೇರಿದ ಮೇಲೆ ಇ.ಎಸ್.ಐ. ಇದೆಯೇ ಎಂದು ಕೇಳಿ. ಹತ್ತು ಜನ ಅಥವಾ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿ, ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇ.ಎಸ್.ಐ. ಉಂಟು. ನೂರು ರೂಪಾಯಿಗೆ 75 ಪೈಸೆ ಕೆಲಸಗಾರನ ಪಾಲು. 16,000 ಸಂಬಳಕ್ಕೆ 120 ರೂಪಾಯಿ ಆಯಿತು. ಮಾಲೀಕನ ಪಾಲು ಅದಕ್ಕಿಂತ ಹೆಚ್ಚು, 520 ರೂಪಾಯಿ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆ ಸಿಗುತ್ತದೆ. ಹೆಂಡತಿ ಮಕ್ಕಳಿಗೂ ಸಿಗುತ್ತದೆ. ಜಾಕ್ ಜಾರಿ ಟ್ರ್ಯಾಕ್ಟರ್ ಕಾಲ ಮೇಲೆ ಕೂತರೆ ಏನಾಗುತ್ತದೆ ಎಂದು ಯೋಚಿಸಿ. ಆ 120 ರೂಪಾಯಿ ದೊಡ್ಡದಲ್ಲ.

ಹೆಣ್ಣುಮಕ್ಕಳು ಮಾಡಬಹುದೇ?

ಉತ್ತರ ಪ್ರದೇಶದಲ್ಲಿ ಬಾಂದಾ ಎಂಬ ಜಿಲ್ಲೆ ಇದೆ. ನೀರಿಗೆ ಬಹಳ ಕಷ್ಟದ ಸೀಮೆ. ಬೋರ್‌ವೆಲ್ಲಿನ ಕೈಪಂಪು ಕೆಟ್ಟರೆ ತಿಂಗಳುಗಟ್ಟಲೆ ಯಾರೂ ಬರುತ್ತಿರಲಿಲ್ಲ. 1990ರ ದಶಕದಲ್ಲಿ ಮಹಿಳಾ ಸಮಾಖ್ಯ ಕಾರ್ಯಕ್ರಮದವರು ಅಲ್ಲಿನ ಬಡ ಹೆಂಗಸರಿಗೇ ಪಂಪು ರಿಪೇರಿ ಕಲಿಸಿದರು. ಅದೇ ಕಾರ್ಯಕ್ರಮ 1989ರಲ್ಲಿ ನಮ್ಮ ರಾಜ್ಯದಲ್ಲೂ ಶುರುವಾಗಿತ್ತು.

ಆ ಹೆಂಗಸರಲ್ಲಿ ತುಂಬ ಜನಕ್ಕೆ ಅಕ್ಷರ ಬರುತ್ತಿರಲಿಲ್ಲ. ಭಾರದ ಕೊಳವೆ ಮೇಲೆತ್ತಿ, ವಾಷರ್ ಬದಲಾಯಿಸಿ, ಪಂಪು ಸರಿ ಮಾಡಿದರು. ಆಮೇಲೆ ಯಾವ ಪಂಪು, ಯಾವ ದಿನ, ಯಾವ ಭಾಗ ಹಾಕಿದೆವು ಎಂದು ಬರೆದಿಡಬೇಕಾಯಿತು. ಆಗ ಅವರೇ "ನಮಗೆ ಓದು ಬರಹ ಕಲಿಸಿ" ಎಂದು ಕೇಳಿದರು. ಸ್ಪ್ಯಾನರ್ ಮೊದಲು ಬಂತು, ಪೆನ್ನು ಆಮೇಲೆ ಬಂತು.

ಐ.ಟಿ.ಐ.ಗೆ ಹೆಣ್ಣುಮಕ್ಕಳೂ ಸೇರಬಹುದು. ಮೆಕ್ಯಾನಿಕ್ ಸಿಗುವುದಿಲ್ಲ ಎಂದು ಅಳುವ ಮಾಲೀಕರು ಊರಿನ ಅರ್ಧ ಮಕ್ಕಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಶೆಡ್ಡಿನಲ್ಲಿ ಒಂದು ಶೌಚಾಲಯ, ಬಟ್ಟೆ ಬದಲಾಯಿಸಲು ಒಂದು ಕೋಣೆ ಕಟ್ಟಿಸಿದ ಮೇಲೆ ಹುಡುಕಲಿ.

ಗಾಡಿಯ ಪುಸ್ತಕ ನಿಮ್ಮ ಕೈಯಲ್ಲಿರಲಿ

ಟ್ರ್ಯಾಕ್ಟರ್‌ಗೆ ಕಿಲೋಮೀಟರ್ ಲೆಕ್ಕಕ್ಕಿಂತ ಗಂಟೆಯ ಲೆಕ್ಕ ಮುಖ್ಯ. ಸ್ಟೇರಿಂಗ್ ಮುಂದೆ ಒಂದು ಮೀಟರ್ ಇರುತ್ತದೆ. ಇಂಜಿನ್ ಎಷ್ಟು ಗಂಟೆ ಓಡಿದೆ ಎಂದು ಅದು ತೋರಿಸುತ್ತದೆ. ಬಹಳಷ್ಟು ಗಾಡಿಗಳಿಗೆ ಮೊದಲ ಸರ್ವಿಸ್ ಸುಮಾರು 50 ಗಂಟೆಗೆ. ಆಮೇಲೆ ಇಂಜಿನ್ ಆಯಿಲ್ ಸಾಮಾನ್ಯವಾಗಿ 250 ಗಂಟೆಗೆ ಒಂದು ಸಲ. ನಿಮ್ಮ ಗಾಡಿಗೆ ಎಷ್ಟು ಎಂದು ಕಂಪನಿ ಕೊಟ್ಟ ಪುಸ್ತಕದಲ್ಲಿ ಬರೆದಿದೆ. ಈಗ ನೀವೇ ಓದಬಹುದು.

ಒಂದು ನೋಟ್ ಪುಸ್ತಕದಲ್ಲಿ ತಾರೀಕು, ಮೀಟರಿನ ಅಂಕಿ, ಮಾಡಿಸಿದ ಕೆಲಸ ಬರೆದಿಡಿ. ಬಿಲ್ಲು ಅದರೊಳಗೆ ಇಡಿ. ಮೆಕ್ಯಾನಿಕ್ ಬಂದಾಗ ಅದನ್ನು ತೋರಿಸಿದರೆ ಅವನ ಅರ್ಧ ಕೆಲಸ ಹಗುರ. ಅಂಗಡಿಯಲ್ಲಿ ಗಾಡಿ ಬಿಟ್ಟರೆ ಜಾಬ್ ಕಾರ್ಡ್ ಎಂಬ ಚೀಟಿ ಬರೆಯುತ್ತಾರೆ. ನೀವು ಹೇಳಿದ ತೊಂದರೆ ಅದರಲ್ಲಿ ಬರೆದಿದ್ದಾರೆಯೇ ಎಂದು ಓದಿ, ಆಮೇಲೆ ಸಹಿ ಹಾಕಿ. ರಿಪೇರಿ ಮಾಡುವವನ ಹೆಸರೂ ಬರೆಯಿರಿ ಎಂದು ಕೇಳಿ.

ಹೊಲಕ್ಕೆ ಬಂದವನಿಗೆ ಒಂದು ಚೊಂಬು ನೀರು, ಒಂದು ತುತ್ತು ಊಟ ಕೊಡುವುದು ನಮ್ಮ ಸೀಮೆಗೆ ಹೇಳಿಕೊಡಬೇಕಿಲ್ಲ. ಬಿತ್ತನೆಯ ಆತುರದಲ್ಲಿ ಗಂಡಸರು ಅವನ ಮೇಲೆ ಕೂಗಾಡುತ್ತಾರೆ. ಗಾಡಿ ಕೆಡಿಸಿದ್ದು ಅವನಲ್ಲ.

ಲೆಕ್ಕ ಮಾಡಿ

1. ಹೋದ ಸಲ ಆಯಿಲ್ ಬದಲಾಯಿಸಿದಾಗ ಮೀಟರ್ 950 ತೋರಿಸಿತ್ತು. ಈಗ 1,185 ತೋರಿಸುತ್ತಿದೆ. 250 ಗಂಟೆಗೆ ಒಂದು ಸಲ ಬದಲಾಯಿಸಬೇಕು. ಇನ್ನು ಎಷ್ಟು ಗಂಟೆ ಉಳಿದಿದೆ? ದಿನಕ್ಕೆ 5 ಗಂಟೆ ಉತ್ತರೆ ಎಷ್ಟು ದಿನಕ್ಕೆ ಮೆಕ್ಯಾನಿಕ್ ಕರೆಸಬೇಕು?

2. ಸಂಬಳ 12,000 ರೂಪಾಯಿ. ನೂರಕ್ಕೆ 75 ಪೈಸೆಯಂತೆ ಇ.ಎಸ್.ಐ. ಪಾಲು ಎಷ್ಟು?

ಮಾತಾಡಿ, ಬರೆಯಿರಿ

ನಿಮ್ಮ ಮಗಳನ್ನು ಮೆಕ್ಯಾನಿಕ್‌ಗೆ ಕೊಡುತ್ತೀರಾ? ಯಾಕೆ ಕೊಡುತ್ತೀರಿ, ಯಾಕೆ ಕೊಡುವುದಿಲ್ಲ? ಗುಂಪಿನಲ್ಲಿ ಮಾತಾಡಿ.

ನಿಮ್ಮ ಊರಿಗೆ ಟ್ರ್ಯಾಕ್ಟರ್, ಟಿಲ್ಲರ್ ರಿಪೇರಿಗೆ ಬರುವವರು ಯಾರು? ಅವರ ಹೆಸರು ಇಲ್ಲಿ ಬರೆಯಿರಿ:

..............................................